ಮಗ್ಗಿಗೊಂದು ತುತ್ತು

ರೋಗಿಯನ್ನು ಬಿಟ್ಟು ಬೇರೆ ಮುದುಕರಿಗೆ ಸ್ನಾನ ಮಾಡಿಸಿ ಕೆಲಸಕ್ಕೆ ಕುತ್ತು ತಂದುಕೊಳ್ಳುವುದು ಎಲ್ಲರಿಂದಲೂ ಆಗುವ ಮಾತಲ್ಲ. ಅದಕ್ಕೆ ತೋಳಿನಲ್ಲಿ ಬಲ ಬೇಕು, ಮನಸ್ಸಿನಲ್ಲಿ ನಿಷ್ಠೆ ಬೇಕು, ತಲೆಯಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು. ಮೂಟೆಯಣ್ಣನಲ್ಲಿ ಈ ಮೂರೂ ಧಾರಾಳವಾಗಿದ್ದವು.

ಇಪ್ಪತ್ತೆರಡು ವರ್ಷ ಧಾನ್ಯದ ಮಂಡಿಯಲ್ಲಿ ಮೂಟೆ ಹೊತ್ತವನು. ಹೆಸರು ಬಂದದ್ದೇ ಹಾಗೆ. ಮಂಡಿಯವರು ಮೂಟೆ ಎತ್ತುವುದಕ್ಕೆ ಯಂತ್ರ ತಂದು ನಿಲ್ಲಿಸಿದ ಮೇಲೆ ಅವನ ಭುಜಗಳು ಬೇಕಾಗಲಿಲ್ಲ. ಮನೆಮನೆಗೆ ರೋಗಿಗಳನ್ನು ನೋಡಿಕೊಳ್ಳಲು ಜನ ಕಳಿಸುವ ಏಜೆನ್ಸಿಯೊಂದಿದೆ, ಅಲ್ಲಿ ಎತ್ತಿ ಇಳಿಸುವವರು ಬೇಕಂತೆ ಎಂದು ಯಾರೋ ಹೇಳಿದರು. ಹೋದ. ಏಜೆನ್ಸಿಯ ಮೇಡಂ ಅವನ ಭುಜ ನೋಡಿದರು, ಫಾರಂ ನೋಡಲಿಲ್ಲ. ಫಾರಂನಲ್ಲಿ ಅವನು 'ಹತ್ತನೇ ತರಗತಿ ಪಾಸು' ಎಂದು ಬರೆದಿದ್ದ. ಓದಿದ್ದು ನಾಲ್ಕನೆಯದು, ಅದೂ ಅರ್ಧ. ಕ್ವಿಂಟಲ್ ಹೊತ್ತವನಿಗೆ ಆರು ತರಗತಿ ಏನು ಭಾರ ಎಂದು ಅವನ ಲೆಕ್ಕ.

ಮೂರು ದಿನ ತರಬೇತಿ ನಡೆಯಿತು. ಅದರಲ್ಲಿ ಮೇಡಂ ಹೇಳಿದ ಮಾತೊಂದು ಅವನ ಎದೆಗೆ ನಾಟಿತು: "ರೋಗಿಗಳು ಬೇಡ ಬೇಡ ಅಂತಾರೆ, ಕೊಸರಾಡ್ತಾರೆ, ಬೈತಾರೆ. ನೀವು ನಗ್ತಾ ಮಾತಾಡ್ತಾ ಕೆಲಸ ಮುಗಿಸ್ಬೇಕು. ನಡುವೆ ನಿಲ್ಲಿಸ್ಬಾರ್ದು."

ಮೊದಲನೆಯ ಮನೆಯಲ್ಲಿ ರೋಗಿ ಒಳಕೋಣೆಯಲ್ಲಿ ಮಲಗಿದ್ದರು. ಹೊರಗೆ ಪೇಪರ್ ಓದುತ್ತ ಕೂತಿದ್ದವರು ಅವರ ಬೀಗರು. ಆರೋಗ್ಯ ವಿಚಾರಿಸಲು ಬಂದ ಗಟ್ಟಿಮುಟ್ಟು ಮನುಷ್ಯ. ಮೂಟೆಯಣ್ಣ ಚಪ್ಪಲಿ ಬಿಟ್ಟವನೇ "ಬನ್ನಿ ತಾತ, ಸ್ನಾನ ಮಾಡೋಣ" ಎಂದು ಅವರನ್ನು ಪೇಪರ್ ಸಮೇತ ಎತ್ತಿಕೊಂಡ.

"ಏಯ್! ಬಿಡೋ! ನಾನು ಬೀಗ ಕಣಯ್ಯಾ!"

"ಆಗ್ಲಿ ತಾತ, ಬೀಗರೇ ಆಗಿ. ಕಾಲು ಮೇಲೆತ್ತಿ."

"ನಂಗೇನೂ ಕಾಯಿಲೆ ಇಲ್ಲ!"

"ಹಾಗೇ ಅನ್ನಿಸುತ್ತೆ ತಾತ, ಮೊದ್ಲು ಮೊದ್ಲು. ಕಣ್ಣು ಮುಚ್ಕೊಳ್ಳಿ, ಸೋಪು ಹೋಗುತ್ತೆ."

ಮನೆಯವರು ಗದ್ದಲ ಕೇಳಿ ಬರುವಷ್ಟರಲ್ಲಿ ಬೀಗರು ಪೌಡರ್ ಹಾಕಿಸಿಕೊಂಡು, ತಲೆ ಬಾಚಿಸಿಕೊಂಡು, ಟವೆಲ್ ಸುತ್ತಿಕೊಂಡು ಒಂದು ಕುರ್ಚಿಯಲ್ಲಿ ಮೂಕರಾಗಿ ಕೂತಿದ್ದರು. ಹುಟ್ಟಿದಾಗಿನಿಂದ ತಮ್ಮ ಬೆನ್ನನ್ನು ಅಷ್ಟು ಚೊಕ್ಕವಾಗಿ ಉಜ್ಜಿದವರಿಲ್ಲ ಎಂದು ಆಮೇಲೆ ಅವರೇ ಒಪ್ಪಿಕೊಂಡರಂತೆ. ದೂರು ಮಾತ್ರ ಹೋಯಿತು.

ಎರಡನೆಯ ಮನೆಯಲ್ಲಿ ಲಿಫ್ಟ್ ಕೆಟ್ಟಿತ್ತು. ಮೂಟೆಯಣ್ಣ ಒಬ್ಬ ನಿವೃತ್ತ ದೊಡ್ಡ ಅಧಿಕಾರಿಯನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು "ದಾರಿ ಬಿಡಿ, ದಾರಿ!" ಎಂದು ಕೂಗುತ್ತ ನಾಲ್ಕು ಮಹಡಿ ಇಳಿದ. ಅಷ್ಟೇ ಹೇಳಿದರೆ ಸಾಕು.

"ಇನ್ನೊಂದೇ ಮನೆ ಕೊಡ್ತೀನಿ," ಎಂದರು ಮೇಡಂ. "ಇಲ್ಲೂ ದೂರು ಬಂತೋ, ಸೀದಾ ನಿಮ್ಮನೆ ದಾರಿ ಹಿಡೀರಿ. ಎರಡು ಮಾತು ಚೆನ್ನಾಗಿ ತಲೇಲಿಟ್ಕೊಳ್ಳಿ. ಈ ರೋಗಿಗೆ ಮರೆವು. ಅವರು ಏನಂದ್ರೂ 'ಅಲ್ಲ' ಅನ್ಬಾರ್ದು. ಹೂಂ ಅನ್ನಿ. ಮತ್ತೆ, ಮನೆ ಒಳಗಿನ ವಿಷಯ ಹೊರಗೆ ಒಬ್ಬರ ಹತ್ರಾನೂ ಬಾಯಿ ಬಿಡ್ಬಾರ್ದು."

ಮೂಟೆಯಣ್ಣ ಎರಡನ್ನೂ ತಲೆಯಲ್ಲಿಟ್ಟುಕೊಂಡ. ಜಾಗ ಇತ್ತಲ್ಲ.

ಮೂರನೆಯ ಮನೆ ಒಬ್ಬ ನಿವೃತ್ತ ಹೆಡ್ ಟೀಚರ್ ಅವರದು. ವಯಸ್ಸು ಎಂಬತ್ತೆರಡು. ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು, ನೆನಪು ಕೀಲು ಕಳಚಿಕೊಂಡಿತು. ಬೆಳಗ್ಗೆ ಸಂಜೆ ಸ್ನಾನ, ಬಟ್ಟೆ ಎಲ್ಲ ನೋಡಿಕೊಳ್ಳಲು ಒಬ್ಬ ನರ್ಸಮ್ಮ ಬರುತ್ತಿದ್ದಳು. ಹಗಲೆಲ್ಲ ಎತ್ತಿ ಕೂರಿಸುವುದು, ನಡೆಸುವುದು, ಊಟ ಮಾಡಿಸುವುದು ಮೂಟೆಯಣ್ಣನ ಪಾಲಿಗೆ ಬಂತು.

"ಅಮ್ಮ ಊಟ ಬಿಟ್ಟಿದ್ದಾರಪ್ಪ," ಎಂದರು ಟೀಚರಮ್ಮನ ಮಗಳು, ಕಚೇರಿಗೆ ಹೊರಟ ಆತುರದಲ್ಲೇ. "ನಿನಗಿಂತ ಮುಂಚೆ ನಾಲ್ಕು ಜನ ಬಂದು ಹೋದ್ರು. ಎಲ್ಲರನ್ನೂ ಮನೆಗೆ ಬಂದ ನೆಂಟರು ಅಂದ್ಕೊಂಡು 'ನಂದಾಯ್ತು, ನೀವು ಮಾಡಿ' ಅಂತಾರೆ. ಈಗ ಬರೀ ಮೂವತ್ತಾರು ಕೆಜಿ. ಡಾಕ್ಟರು ಹದಿನೈದು ದಿನ ಕೊಟ್ಟಿದ್ದಾರೆ. ಎರಡು ಕೆಜಿ ಏರ್ಲಿಲ್ಲ ಅಂದ್ರೆ ಮೂಗಿಂದ ಹೊಟ್ಟೆಗೆ ನಳಿಗೆ ಹಾಕ್ತಾರಂತೆ. ಕಿತ್ತು ಹಾಕ್ಬಾರ್ದು ಅಂತ ಕೈ ಎರಡೂ ಮಂಚಕ್ಕೆ ಕಟ್ತಾರಂತೆ."

ಕಟ್ಟುವ ಮಾತು ಹೇಳುವಾಗ ಅವರು ಅಮ್ಮನ ಕೈ ನೋಡಿದರು. ನಲವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈಗಳವು.

ಮೂಟೆಯಣ್ಣ ಟೀಚರಮ್ಮನನ್ನು ಮಂಚದಿಂದ ಎತ್ತಿ ಬಾಲ್ಕನಿಯ ಪಕ್ಕದ ಕುರ್ಚಿಗೆ ತಂದ. ಅರ್ಧ ಮೂಟೆಯ ತೂಕವೂ ಇರಲಿಲ್ಲ. ಕೂರಿಸಿ, ಗಂಜಿ ಬಟ್ಟಲು ಹಿಡಿದು, ನೆಟ್ಟಗೆ ನಿಂತ. ಟೀಚರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟಕ್ಕೆ ಮೂಟೆಯಣ್ಣನ ಮೊಣಕಾಲು ತಾನಾಗಿಯೇ ಕೂಡಿಕೊಂಡಿತು.

"ಯಾವ ತರಗತಿ?"

'ಅಲ್ಲ' ಅನ್ನಬಾರದು. ಫಾರಂನಲ್ಲಿ ಹತ್ತು ಎಂದು ಬರೆದ ಕೈ ಇವರ ಮುಂದೆ ಹತ್ತು ಎಂದು ತೋರಿಸಲಿಲ್ಲ. ನಾಲ್ಕು ಬೆರಳೆತ್ತಿ "ನಾಲ್ಕು, ಟೀಚರ್" ಎಂದ.

"ಹೋದ ವರ್ಷವೂ ನಾಲ್ಕೇನಾ?"

"ಹೂಂ ಟೀಚರ್."

"ಎಷ್ಟು ಎತ್ತರ ಬೆಳೆದಿದ್ದೀಯ, ಮಗ್ಗಿ ಬರುತ್ತಾ? ಎರಡರ ಮಗ್ಗಿ ಹೇಳು."

"ಎರಡೊಂದ್ಲ ಎರಡು..."

ಟೀಚರಮ್ಮ ಕೈಚಾಚಿ ಚಮಚ ತೆಗೆದುಕೊಂಡರು. ಒಂದು ತುತ್ತು ಬಾಯಿಗೆ ಹಾಕಿಕೊಂಡರು. ನುಂಗಿದರು. "ಹೂಂ. ಮುಂದೆ."

"ಎರಡೆರಡ್ಲ ನಾಲ್ಕು..."

ಇನ್ನೊಂದು ತುತ್ತು.

ಎರಡ್ಹತ್ಲ ಇಪ್ಪತ್ತಕ್ಕೆ ಬಟ್ಟಲು ಖಾಲಿ. ಮೂಟೆಯಣ್ಣ ಬಟ್ಟಲನ್ನು ಬೋರಲು ಹಾಕಿ ನೋಡಿದ, ನೆಲ ನೋಡಿದ, ಕುರ್ಚಿಯ ಕೆಳಗೆ ನೋಡಿದ. ಗಂಜಿ ಎಲ್ಲೂ ಚೆಲ್ಲಿರಲಿಲ್ಲ.

ಸಂಜೆ ಮಗಳು ಈ ಸುದ್ದಿ ಕೇಳಿ ಗೋಡೆಗೆ ಒರಗಿ ನಿಂತರು. "ಅಮ್ಮನ ಪದ್ಧತಿ ಅದು," ಎಂದರು. "ಹಿಂದುಳಿದ ಮಕ್ಕಳನ್ನ ಮಧ್ಯಾಹ್ನ ಕೂರಿಸ್ಕೊಂಡು ಮಗ್ಗಿ ಹೇಳಿಸೋರು. ಮಗು ಒಂದು ಸಾಲು ಹೇಳಿದ್ರೆ ಅಮ್ಮ ಒಂದು ತುತ್ತು ತಿನ್ನೋರು. ಮಗು ಕಲೀಲಿಲ್ಲ ಅಂದ್ರೆ ಡಬ್ಬಿ ಹಾಗೇ ಮನೆಗೆ ವಾಪಸ್ಸು. 'ನಮ್ಮ ಟೀಚರು ಉಪವಾಸ ಇರ್ತಾರೆ' ಅಂತ ಎಂಥ ದಡ್ಡನೂ ಕಲೀತಿದ್ದ."

ಮೂಟೆಯಣ್ಣನಿಗೆ ಬಹಳ ಸಂತೋಷವಾಯಿತು. ಆಗಿನ್ನೂ ಅವನಿಗೆ ಮುಂದಿನ ಮಗ್ಗಿಗಳ ನೆನಪಿರಲಿಲ್ಲ.

ಟೀಚರಮ್ಮ ಬೆಳಗ್ಗೆ ತಿಂದದ್ದನ್ನು ಮಧ್ಯಾಹ್ನ ಮರೆಯುತ್ತಿದ್ದರು, ಮಗಳ ಹೆಸರನ್ನೂ ಒಮ್ಮೊಮ್ಮೆ ಮರೆಯುತ್ತಿದ್ದರು. ಆದರೆ ಹಿಂದಿನ ಬೆಂಚಿನ ಈ ಹೊಸ ಹುಡುಗನ ಪಾಠ ಎಲ್ಲಿಗೆ ನಿಂತಿದೆ ಎಂಬುದನ್ನು ಒಂದು ದಿನವೂ ಮರೆಯಲಿಲ್ಲ. ದಿನಕ್ಕೊಂದು ಮಗ್ಗಿ. ಬೆಳಗಿನ ತಿಂಡಿಗೆ ನೇರ, ಮಧ್ಯಾಹ್ನದ ಊಟಕ್ಕೆ ತಲೆಕೆಳಗು, ಸಂಜೆಯ ಹಾಲಿಗೆ ಅಲ್ಲೊಂದು ಇಲ್ಲೊಂದು. ತಪ್ಪಿದರೆ ಚಮಚ ಕೆಳಗೆ. ಮೂಟೆಯಣ್ಣ ಕಿವಿ ಹಿಡಿದು ಹತ್ತು ಬಸ್ಕಿ ಹೊಡೆದು ಮೊದಲಿನಿಂದ ಶುರುಮಾಡಬೇಕು.

ಐದರವರೆಗೆ ತೇಲಿದ. ಆರರಲ್ಲಿ ಕುಂಟಿದ. ಏಳರಲ್ಲಿ ಮುಗ್ಗರಿಸಿದ. ಏಳೆಂಟ್ಲ ಎಷ್ಟು ಎಂಬ ಪ್ರಶ್ನೆಯ ಮುಂದೆ ಎಂಥೆಂಥವರು ಮಕಾಡೆ ಮಲಗಿದ್ದಾರೆ, ಪಾಪ ಇವನೇನು!

ಹೀಗಾಗಿ ಅವನ ಮನೆಯಲ್ಲೂ ಪಾಠ ಹತ್ತಿತು. ಹೆಂಡತಿ ಏಳನೆಯ ತರಗತಿ ಓದಿದವಳು. ಒಲೆಯ ಮುಂದೆ ಸೌಟು ಹಿಡಿದು ಕೂತು ಅವಳು ಕೇಳುವಳು, ಇವನು ನಲ್ಲಿಯ ಕೆಳಗೆ ಕೊಡ ಹಿಡಿದು ಉತ್ತರ ಹೇಳುವನು.

"ಎಂಟಾರ್ಲ?"

"ನಲವತ್... ನಲವತ್ತಾರು."

"ನಲವತ್ತೆಂಟು! ಎರಡು ತುತ್ತು ತಪ್ಪಿತು ಅವರ ಹೊಟ್ಟೆಗೆ. ನಾಚ್ಕೆ ಆಗಲ್ವಾ? ಮುದುಕಮ್ಮನ್ನ ಉಪವಾಸ ಕೆಡವಿ ನೀವು ಮಾತ್ರ ಸೊಂಪಾಗಿ ತಿಂತೀರ?"

"ತಿಂತಾ ಇಲ್ವಲ್ಲೇ, ಬಾಯಲ್ಲಿ ಮಗ್ಗಿ ಇದೆ!"

ಬಸ್ಸಿನಲ್ಲಿ ಅವನು ಕಣ್ಣುಮುಚ್ಚಿ ತುಟಿ ಆಡಿಸುತ್ತಿದ್ದುದನ್ನು ನೋಡಿ, ಏನೋ ಮಂತ್ರಸಿದ್ಧಿ ಇರುವವನೆಂದು ಒಬ್ಬಾಕೆ ತನ್ನ ಮೊಣಕಾಲು ನೋವು ಹೇಳಿಕೊಂಡಳು. ಇವನು ಗಂಭೀರವಾಗಿ "ಎಪ್ಪತ್ತೆರಡು" ಎಂದ. ಆಕೆ ಅದನ್ನೇ ನಂಬಿಕೊಂಡು ಇಳಿದುಹೋದಳು.

ಬುದ್ಧಿಯ ಮಾತು ಬಿಡಿ. ಮೂಟೆಯಣ್ಣ ಆ ಮನೆಯಲ್ಲಿ ಮಾಡಿದ ಇನ್ನೊಂದು ಕೆಲಸ ಹೇಳುತ್ತೇನೆ. ಟೀಚರಮ್ಮ ನೀರೇ ಕುಡಿಯುತ್ತಿರಲಿಲ್ಲ. ಯಾಕೆಂದು ನಾಲ್ಕು ಜನ ಆಯಾಗಳಿಗೂ ಗೊತ್ತಾಗಿರಲಿಲ್ಲ, ಡಾಕ್ಟರಿಗೂ ಗೊತ್ತಾಗಿರಲಿಲ್ಲ. ಇವನಿಗೆ ಮೂರನೆಯ ದಿನ ಹೊಳೆಯಿತು: ನೀರು ಕುಡಿದರೆ ಬಚ್ಚಲಿಗೆ ಎತ್ತಿಕೊಂಡು ಹೋಗು ಎಂದು ಇನ್ನೊಬ್ಬರನ್ನು ಕೇಳಬೇಕು. ಅಂಥ ಟೀಚರು, ಒಬ್ಬ ಶಿಷ್ಯನನ್ನು ಹೇಗೆ ಕೇಳಿಯಾರು? ಇವನು ಏನು ಮಾಡಿದ ಗೊತ್ತೇ? ಎರಡು ಗಂಟೆಗೊಮ್ಮೆ ಒಂದು ತಟ್ಟೆ ತೆಗೆದುಕೊಂಡು ಚಮಚದಿಂದ ಢಣಢಣ ಬಾರಿಸಿ "ಟೀಚರ್, ರೀಸಸ್ ಬೆಲ್ಲು!" ಎಂದ. ಬೆಲ್ ಹೊಡೆದ ಮೇಲೆ ಎಲ್ಲರೂ ಹೋಗುತ್ತಾರೆ. ಅದರಲ್ಲಿ ನಾಚಿಕೆ ಏನು? ಟೀಚರಮ್ಮ ತಲೆಯಾಡಿಸಿದರು. ಇವನು ಎತ್ತಿಕೊಂಡು ಹೋಗಿ ತೂತಿನ ಕುರ್ಚಿಯ ಮೇಲೆ ಕೂರಿಸಿ, ಪರದೆ ಎಳೆದು, ಬಾಲ್ಕನಿಗೆ ಬಂದು, ಗೋಡೆಗೆ ಮುಖ ಮಾಡಿ, ಎರಡು ಕಿವಿಗೂ ಬೆರಳು ತುರುಕಿಕೊಂಡು ಅವರು ಕರೆಯುವವರೆಗೆ ನಿಂತ. ಕಿವಿಗೆ ಬೆರಳಿಟ್ಟವನಿಗೆ ಕರೆದದ್ದು ಕೇಳುವುದು ಹೇಗೆ ಎಂಬುದು ಅರ್ಧ ಗಂಟೆ ನಿಂತ ಮೇಲೆ ಹೊಳೆಯಿತು. ಅಂದಿನಿಂದ ಒಂದೇ ಕಿವಿಗೆ ಬೆರಳು. ಟೀಚರಮ್ಮ ಮಾತ್ರ ಅಂದಿನಿಂದ ಲೋಟಗಟ್ಟಲೆ ನೀರು ಕುಡಿದರು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಓದಿ ನಗುವವರು ಒಂದು ದಿನ ಒಬ್ಬ ಮುದುಕರ ನಾಚಿಕೆ ಕಾಯ್ದು ನೋಡಲಿ, ಆಮೇಲೆ ನಗಲಿ.

ಆದರೆ ಎದುರುಮನೆ ಯಜಮಾನರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರು ನಿವೃತ್ತ ಹೆಡ್ ಕ್ಲರ್ಕ್. ಮೂವತ್ತು ವರ್ಷ ಕೂತು ಮಾಡಿದ ಕೆಲಸಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಈಗ ದಿನವಿಡೀ ತಮ್ಮ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಅವರಿಗೆ ಕಂಡದ್ದು ಇಷ್ಟು: ಒಬ್ಬ ದೈತ್ಯ ದಿನಕ್ಕೆ ಮೂರು ಹೊತ್ತು ಕಿವಿ ಹಿಡಿದು ಬಸ್ಕಿ ಹೊಡೆಯುತ್ತಾನೆ. ನಡುನಡುವೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಕಂಡದ್ದಕ್ಕೆ ಅರ್ಥ ಕೂಡಿಸುವುದು ಅವರ ಹುಟ್ಟುಗುಣ.

"ಕದ್ದು ಸಿಕ್ಕಿಬಿದ್ದಿದ್ದಾನೆ," ಎಂದರು ಹಾಲಿನವನಿಗೆ. "ಪೊಲೀಸಿಗೆ ಕೊಡ್ದೆ ಮನೇಲೇ ಶಿಕ್ಷೆ ಕೊಡ್ತಿದ್ದಾರೆ. ದೊಡ್ಡ ಮನಸ್ಸು ಆ ಟೀಚರಮ್ಮಂದು."

"ದಿನಾ ಕೊಡ್ತಾರಾ?" ಎಂದ ಹಾಲಿನವನು.

"ದಿನಾ ಕದೀತಾನೆ."

ಸಂದೇಹ ಬೇಡವೆಂದು ಒಂದು ಸಂಜೆ ಯಜಮಾನರು ಮೂಟೆಯಣ್ಣನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿದರು.

"ಏನಪ್ಪಾ, ಇವತ್ತೂ ಶಿಕ್ಷೆ ಆದ ಹಾಗಿತ್ತು?"

ಮೂಟೆಯಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ, ಫಾರಂ ಒಂದನ್ನು ಬಿಟ್ಟು. "ಹೂಂ ಸಾರ್. ತಪ್ಪು ಮಾಡ್ದೆ, ಕೊಟ್ರು."

"ಎಷ್ಟು ತಪ್ಪು?"

"ಇವತ್ತು ನಾಲ್ಕು ಸಾರ್. ನಿನ್ನೆ ಆರಾಗಿತ್ತು."

ಯಜಮಾನರು ಕಂಬ ಹಿಡಿದುಕೊಂಡರು. "ಯಾವಾಗಿಂದ ಈ ಚಾಳಿ?"

"ಚಿಕ್ಕೋನಿದ್ದಾಗ್ಲಿಂದ ಸಾರ್. ಏಳು ದಾಟಿದ್ರೆ ಕೈ ತಡೆಯಲ್ಲ, ತಪ್ಪಿಹೋಗುತ್ತೆ."

"ಏಳು... ಸಂಜೆ ಏಳಾ?"

"ಅದು ಮನೆ ಒಳಗಿನ ವಿಷಯ ಸಾರ್. ಹೊರಗೆ ಹೇಳ್ಬಾರ್ದು ಅಂತ ಮೇಡಂ ಹೇಳಿದ್ದಾರೆ."

ಮರುದಿನದಿಂದ ಆ ಬೀದಿಯಲ್ಲಿ ಏಳು ಗಂಟೆಯಾಗುತ್ತಲೇ ಚಿಲಕಗಳು ಬಿದ್ದವು. ಹಾಲಿನವನು ಕ್ಯಾನು ಎಣಿಸಿಕೊಂಡ. ಮೂಟೆಯಣ್ಣ ನಡೆದು ಬಂದರೆ ಹೆಂಗಸರು ಒಣಹಾಕಿದ ಬಟ್ಟೆ ತೆಗೆಯುವರು. ಈ ಬೀದಿಯವರಿಗೆ ಮಳೆಯ ಭಯ ಬಹಳ ಎಂದು ಇವನು ಹೆಂಡತಿಗೆ ಹೇಳಿದ.

ಹದಿಮೂರನೆಯ ದಿನ ಯಜಮಾನರು ಒಬ್ಬ ಪೊಲೀಸ್ ಪೇದೆಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ದೂರು ಏಜೆನ್ಸಿಗೂ ಹೋಗಿದ್ದರಿಂದ ಮೇಡಂ ಹಿಂದೆಯೇ ಬಂದರು. ಬಾಗಿಲು ತೆರೆದಿತ್ತು. ಒಳಗೆ ಮೂಟೆಯಣ್ಣ ಹದಿನಾಲ್ಕರ ಮಗ್ಗಿಗೆ ಒಂಬತ್ತನೆಯ ಬಸ್ಕಿಯಲ್ಲಿದ್ದ.

"ನೋಡಿ!" ಎಂದರು ಯಜಮಾನರು. "ಈಗಲೂ!"

"ಏನೋ ಕದ್ದೆ?" ಎಂದ ಪೇದೆ.

ಟೀಚರಮ್ಮ ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದರು. "ಯಾರದು ಟೋಪಿ ಹಾಕ್ಕೊಂಡು ಕ್ಲಾಸಿಗೆ ಬರೋದು? ಬೆಲ್ಲಾಗಿ ಎಷ್ಟು ಹೊತ್ತಾಯ್ತು? ಯಾವ ತರಗತಿ ನೀನು?"

"ಅಮ್ಮಾ, ನಾನು ಠಾಣೆಯಿಂದ..."

ಮೂಟೆಯಣ್ಣ ಬಸ್ಕಿಯ ಮಧ್ಯದಲ್ಲೇ ಕೈಮುಗಿದ. "ಸಾರ್, ಅಲ್ಲ ಅನ್ಬೇಡಿ! ಊಟ ನಿಂತುಹೋಗುತ್ತೆ! ಇನ್ನೂ ನಾಲ್ಕು ತುತ್ತು ಬಾಕಿ ಇದೆ!"

ಆ ದನಿಯಲ್ಲಿ ಏನಿತ್ತೋ, ಪೇದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಹದಿನಾಲ್ಕು ಎಂಟ್ಲ?" ಎಂದರು ಟೀಚರಮ್ಮ.

ಪೇದೆ ಮೇಲೆ ನೋಡಿದ, ಕೆಳಗೆ ನೋಡಿದ. "ನೂರಾ... ಎಂಟು?"

"ಹಿಡ್ಕೋ ಕಿವಿ."

ಬೆಲ್ಟು, ಲಾಠಿ ಸಮೇತ ಬಸ್ಕಿ ಹೊಡೆಯುವುದು ಸುಲಭವಲ್ಲ. ಯಜಮಾನರಿಗೆ ನಗು ತಡೆಯಲಾಗಲಿಲ್ಲ.

"ನಗು ಬಂತಾ ನಿಂಗೆ? ನೀನು ಹೇಳು. ಎಂಟ್ಲ, ಒಂಬತ್ಲ, ಎರಡೂ."

ಮೂವತ್ತು ವರ್ಷ ಅಂಕಿಗಳ ನಡುವೆ ಬಾಳಿದ ಜೀವ. "ನೂರಾ ಹನ್ನೆರಡು! ನೂರಾ ಇಪ್ಪತ್ತಾರು!" ಎಂದು ಅವರು ಎದೆಯುಬ್ಬಿಸಿ ಕೂಗಿದರು.

ಟೀಚರಮ್ಮ ಮೆಚ್ಚಿ ತಲೆಯಾಡಿಸಿ, ಒಂದು ತುತ್ತು ತಿಂದರು. ಇನ್ನೊಂದು ತುತ್ತು ತಿಂದರು.

ಯಜಮಾನರ ಮುಖದ ನಗು ಹಾಗೇ ನಿಂತಿತು. ತಾನು ಹೇಳಿದ ಎರಡು ಅಂಕಿ ಎದುರಿಗಿದ್ದ ಸಣ್ಣ ಗಂಟಲಿನಲ್ಲಿ ಎರಡು ಸಲ ಇಳಿದುಹೋದದ್ದನ್ನು ಅವರು ಕಣ್ಣಾರೆ ಕಂಡರು. ಸರ್ವಿಸಿನುದ್ದಕ್ಕೂ ಅವರ ಅಂಕಿಗಳಿಂದ ಯಾರ ಹೊಟ್ಟೆಯೂ ತುಂಬಿರಲಿಲ್ಲ.

"ಇದಾ ಶಿಕ್ಷೆ?" ಎಂದರು ಮೆಲ್ಲಗೆ. "ಮತ್ತೆ ಅವತ್ತು ತಪ್ಪು ಮಾಡ್ದೆ ಅಂದ್ಯಲ್ಲೋ, ಮಹರಾಯ?"

"ಹನ್ನೆರಡರ ಮಗ್ಗೀಲಿ ಸಾರ್."

ಮೇಡಂಗೆ ಮಾತ್ರ ಬೇರೆ ಲೆಕ್ಕ ಸಿಕ್ಕಿತ್ತು. ಮೂಟೆಯಣ್ಣನನ್ನು ಅಡುಗೆಮನೆಗೆ ಕರೆದರು. "ಹತ್ತನೇ ತರಗತಿ ಪಾಸಾದವರು ಹದಿನಾಲ್ಕರ ಮಗ್ಗಿಗೆ ಬಸ್ಕಿ ಹೊಡೀತಾರಾ?"

ಮೂಟೆಯಣ್ಣ ನಾಲ್ಕು ಬೆರಳೆತ್ತಿ ತಲೆತಗ್ಗಿಸಿದ.

"ಸುಳ್ಳು ಬರೆದವರನ್ನ ನಾನು ಒಂದು ದಿನ ಇಟ್ಕೊಳ್ಳಲ್ಲ," ಎಂದರು ಮೇಡಂ. ಹೊರಗೆ ಟೀಚರಮ್ಮ ಬಟ್ಟಲು ಕೆರೆಯುವ ಸದ್ದು ಕೇಳಿ ಸ್ವಲ್ಪ ತಡೆದರು. "ಇನ್ನು ಮೂರು ದಿನಕ್ಕೆ ಡಾಕ್ಟರು ಬರ್ತಾರಲ್ಲ. ಅವತ್ತು ನಳಿಗೆ ಒಳಗೆ ಹೋದ್ರೆ ನೀವು ಹೊರಗೆ. ಅಷ್ಟೇ."

ಮುಂದಿನ ಎರಡು ದಿನ ಆ ಬೀದಿ ಬೀದಿಯಾಗಿ ಉಳಿಯಲಿಲ್ಲ. ಮೂಟೆಯಣ್ಣ ಗೇಟು ತೆಗೆದರೆ ಹಾಲಿನವನು ಸೈಕಲ್ ಮೇಲಿಂದಲೇ "ಹದಿನೈದು ಏಳ್ಲ?" ಎಂದು ಕೂಗುವನು. ಬಟ್ಟೆ ತೆಗೆಯುತ್ತಿದ್ದ ಹೆಂಗಸರು ಈಗ ಬಟ್ಟೆ ಬಿಟ್ಟು ಉತ್ತರ ಹೇಳುವರು. ಪೇದೆ ಬೀಟು ಬದಲಿಸಿಕೊಂಡು ಬಂದು ಹದಿನಾರನ್ನು ಕೇಳಿ ಹೋದ. ತನಗೂ ಬಂತೆಂದು ಅವನಿಗೆ ಹೆಮ್ಮೆ. ಹದಿನೈದು ದಾಟಿತು, ಹದಿನಾರು ದಾಟಿತು.

ಹದಿನಾರನೆಯ ದಿನ ಬೆಳಗ್ಗೆ ಹದಿನೇಳರ ಮಗ್ಗಿ ಎದುರಾಯಿತು.

ಹದಿನೇಳು ಒಂದು ಸಂಖ್ಯೆಯಲ್ಲ. ಅದೊಂದು ದುರುದ್ದೇಶ. ಇಷ್ಟು ದೊಡ್ಡ ಮಗ್ಗಿ ಪೂರ್ತಿ ಒಪ್ಪಿಸಿದ ಮೇಲೇ ತುತ್ತು ಎಂದು ಟೀಚರಮ್ಮ ಚಮಚ ಮುಟ್ಟದೆ ಕೂತರು. ಮೂಟೆಯಣ್ಣ ಏಳ್ಲವರೆಗೆ ಹೇಗೋ ಹತ್ತಿದ, ಎಂಟ್ಲದಲ್ಲಿ ಜಾರಿದ. ಬಸ್ಕಿ ಹೊಡೆದು ಮತ್ತೆ ಹತ್ತಿದ, ಮತ್ತೆ ಜಾರಿದ. ಪ್ರತಿ ಸಲವೂ ಮೊದಲಿನಿಂದ. ಕೊನೆಗೆ ಒಂದ್ಲ, ಎರಡ್ಲ ಕೂಡ ಕೈಬಿಟ್ಟವು. ಬೆಳಗಿನ ತಿಂಡಿ ಹಾಗೇ ಆರಿತು, ಮಧ್ಯಾಹ್ನದ ಊಟವೂ ಆರಿತು. ನೂರಾ ಎಂಬತ್ತು ಬಸ್ಕಿ ಹೊಡೆದ ಮೂಟೆಯಣ್ಣನ ಮೊಣಕಾಲು ನಡುಗುತ್ತಿತ್ತು. ಮಗಳು ರಜೆ ಹಾಕಿ ಮನೆಯಲ್ಲೇ ಇದ್ದರು. ಬಾಗಿಲ ಸಂದಿಯಿಂದ ನೋಡುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು.

ಮೂರು ಗಂಟೆಗೆ ಡಾಕ್ಟರು ಚೀಲ ಹಿಡಿದು ಬಂದರು. ಹಿಂದೆ ಮೇಡಂ. ಮೂಟೆಯಣ್ಣ ಟೀಚರಮ್ಮನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತ. ಅವನ ತೂಕ ಕಳೆದು ನೋಡಿದರು.

"ಮೂವತ್ತೇಳೂ ಮುಕ್ಕಾಲು," ಎಂದರು ಡಾಕ್ಟರು. "ಏರಿದೆ. ಆದ್ರೆ ಕಾಲು ಕೆಜಿ ಕಮ್ಮಿ. ಇವತ್ತೇನು ತಿಂದ್ರು?"

ಮಗಳು ಆರಿದ ಬಟ್ಟಲನ್ನು ತೋರಿಸಿದರು.

"ಏನೂ ಇಲ್ವಾ? ಹೀಗೆ ಮತ್ತೆ ಬಿಟ್ರೆ ಏರಿದ್ದೂ ಒಂದು ವಾರದಲ್ಲಿ ಇಳಿದುಹೋಗುತ್ತೆ. ನೋಡಿ, ನನ್ನ ಕಣ್ಣೆದುರಿಗೆ ಒಂದು ಬಟ್ಟಲು ತಿಂದ್ರೆ ನಳಿಗೆ ಚೀಲದಲ್ಲೇ ಇರುತ್ತೆ. ಇಲ್ಲಾಂದ್ರೆ ನಾನು ಕಾಯಲ್ಲ." ಅವರು ಬಗ್ಗಿ ಟೀಚರಮ್ಮನ ಮುಂದೆ ಚಮಚ ಹಿಡಿದರು. "ಎಲ್ಲಿ, ಆ ಅನ್ನಿ."

"ನೀನು ಆ ಅನ್ನು," ಎಂದರು ಟೀಚರಮ್ಮ. "ಹದಿನೇಳು ಎಂಟ್ಲ?"

ಡಾಕ್ಟರ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು.

"ಜೇಬಿಂದ ಕೈ ತೆಗಿ! ಹೊರಗೆ ನಿಲ್ಲು."

ಡಾಕ್ಟರು ಹೋಗಿ ಬಾಗಿಲ ಹೊರಗೆ ನಿಂತರು. ಯಾಕೆ ನಿಂತರೋ ಅವರಿಗೇ ತಿಳಿಯದು.

"ಹಿಂದಿನ ಬೆಂಚು, ಬಾ. ಮೊದಲಿಂದ ಹೇಳು."

ಮೂಟೆಯಣ್ಣ ಬಂದು ನಿಂತ. ಆಗ ಎದುರುಮನೆ ಬಾಲ್ಕನಿಯಲ್ಲಿ ಒಂದು ಚಲನೆ ಕಂಡಿತು. ಯಜಮಾನರು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಇದ್ದಿಲಿನಲ್ಲಿ ಒಂದೊಂದು ಮೊಳ ಎತ್ತರದ ಅಂಕಿ ಬರೆದುಕೊಂಡು ಸಿದ್ಧವಾಗಿದ್ದರು. ಪಕ್ಕದಲ್ಲಿ ಪೇದೆ, ಹಾಳೆ ಬದಲಿಸಲು. ಕೆಳಗೆ ಹಾಲಿನವನು, ಗಾಳಿ ಬಂದರೆ ಹಿಡಿಯಲು. ಮೂಟೆಯಣ್ಣ ಟೀಚರಮ್ಮನ ತಲೆಯ ಮೇಲಿಂದ ಎದುರುಮನೆ ನೋಡುತ್ತ ಶುರುಮಾಡಿದ. ಹದಿನೇಳು, ಮೂವತ್ನಾಲ್ಕು, ಐವತ್ತೊಂದು, ಅರವತ್ತೆಂಟು. ನೀರು ಕುಡಿದ ಹಾಗೆ ಸರಾಗ. ಟೀಚರಮ್ಮ ಚಮಚ ತುಂಬಿಕೊಂಡರು.

ತುಂಬಿಕೊಂಡವರು ಬಾಯಿಗೆ ಇಡಲಿಲ್ಲ. ಹುಡುಗನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ಕುತ್ತಿಗೆ ತಿರುಗಿಸಿದರು.

ಈ ವಯಸ್ಸಿನವರಿಗೆ ಕೈಯಲ್ಲಿರುವ ಮಾತ್ರೆಯ ಹೆಸರು ಕಾಣುವುದಿಲ್ಲ, ಬೀದಿಯಾಚೆಯ ಅಕ್ಷರ ಕನ್ನಡಕವಿಲ್ಲದೆ ಕಾಣುತ್ತದೆ. ಅಷ್ಟು ದೊಡ್ಡ ಬೀದಿಯಲ್ಲಿ ಇದನ್ನು ಯೋಚಿಸಿದವರು ಒಬ್ಬರೂ ಇರಲಿಲ್ಲ. ಬಾಲ್ಕನಿಯಲ್ಲಿ ೮೫ ಎಂಬ ಹಾಳೆ ಹಿಡಿದ ಯಜಮಾನರು ಸಿಕ್ಕಿಬಿದ್ದ ಹುಡುಗನಂತೆ ಅದನ್ನೇ ಮುಖಕ್ಕೆ ಮುಚ್ಚಿಕೊಂಡರು.

ಟೀಚರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಮಚವನ್ನು ಬಟ್ಟಲಿಗೆ ಇಳಿಸಿ, ಬಟ್ಟಲನ್ನು ದೂರ ಸರಿಸಿ, ತುಟಿ ಮುಚ್ಚಿ, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು.

ಡಾಕ್ಟರು ಒಳಗೆ ಬಂದು ಚೀಲದ ಜಿಪ್ ಎಳೆದರು. "ಕೈ ಕಟ್ಟೋಕೆ ಮೆತ್ತನೆ ಬಟ್ಟೆ ಏನಾದ್ರೂ ಇದ್ರೆ ತನ್ನಿ," ಎಂದರು ಮಗಳಿಗೆ, ಕೊಂಚ ಮೆಲ್ಲಗೆ.

ಮೂಟೆಯಣ್ಣ ಹೋಗಿ ಬಾಲ್ಕನಿಯ ಬಾಗಿಲು ಹಾಕಿದ. ಪರದೆ ಎಳೆದ. ಟೀಚರಮ್ಮನ ಮುಂದೆ ಬಂದು ಕೈಕಟ್ಟಿ ನಿಂತ. ಆ ಮೈಕಟ್ಟಿನಿಂದ ಅಷ್ಟು ಸಣ್ಣ ದನಿ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

"ಟೀಚರ್, ನಂಗೆ ಹದಿನೇಳು ಬರಲ್ಲ. ಬೆಳಗ್ಗೆಯಿಂದ ಹೇಳ್ತಿದ್ದೀನಿ, ಬರಲ್ಲ. ಎಂಟ್ಲಕ್ಕೆ ಬಂದ್ರೆ ತಲೆ ಕತ್ತಲಾಗುತ್ತೆ. ನೋಡ್ಕೊಂಡು ಹೇಳಿದ್ದು ತಪ್ಪು. ನೀವು ನನ್ನ ಹೊಡೀರಿ, ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ. ನನ್ನ ದಡ್ಡತನಕ್ಕೆ ನೀವು ಉಪವಾಸ ಇರ್ಬೇಡಿ."

ಟೀಚರಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವನ ನಡುಗುವ ಮೊಣಕಾಲು ನೋಡಿದರು.

"ನೀನು ಊಟ ಮಾಡಿದ್ಯಾ?"

"ಇಲ್ಲ ಟೀಚರ್."

"ಬೆಳಗ್ಗೆ?"

"ಇಲ್ಲ ಟೀಚರ್. ನೀವು ತಿನ್ದೆ ನಾನು ಹೇಗೆ ತಿನ್ಲಿ?"

"ಅಯ್ಯೋ ಪೆದ್ದೇ!" ಎಂದರು ಟೀಚರಮ್ಮ. ಆ ದನಿಗೆ ಡಾಕ್ಟರು ಕೂಡ ಚೀಲ ಬಿಟ್ಟು ನೆಟ್ಟಗೆ ನಿಂತರು. "ಹಸಿದ ಹೊಟ್ಟೆಗೆ ಹದಿನೇಳರ ಮಗ್ಗಿ ಎಲ್ಲಿಂದ ಹತ್ತುತ್ತೆ? ಬೆಳಗ್ಗೇನೇ ಹೇಳೋಕೆ ಬಾಯಿರ್ಲಿಲ್ವಾ? ಕೂತ್ಕೋ ಇಲ್ಲಿ. ಬಾಯಿ ತೆಗಿ."

ಮೂಟೆಯಣ್ಣ ನೆಲದ ಮೇಲೆ ಕೂತು ಬಾಯಿ ತೆಗೆದ. ಟೀಚರಮ್ಮ ಆರಿದ ಗಂಜಿಯ ಒಂದು ಚಮಚ ಅವನ ಬಾಯಿಗೆ ಹಾಕಿದರು.

"ಟೀಚರ್, ನೀವು..."

"ಎದುರು ಮಾತಾಡ್ಬೇಡ. ನಿಂಗೊಂದು, ನಂಗೊಂದು."

ಅವರು ಒಂದು ತುತ್ತು ತಿಂದರು. ಇವನಿಗೆ ಒಂದು ಕೊಟ್ಟರು. ಮತ್ತೆ ತಾವು ತಿಂದರು. ಒಂದು ಬಟ್ಟಲು ಮುಗಿಯಿತು. "ಅರ್ಧ ಅವನೇ ತಿಂದ, ಅದನ್ನ ಲೆಕ್ಕ ಹಿಡಿಯೋಕಾಗಲ್ಲ," ಎಂದರು ಡಾಕ್ಟರು. ಮಗಳು ಅಷ್ಟರಲ್ಲಿ ಎರಡನೆಯ ಬಟ್ಟಲು ತಂದಾಗಿತ್ತು. ಅದೂ ಮುಗಿದು ಮೂರನೆಯದರ ಅರ್ಧಕ್ಕೆ ಬಂದಾಗ ಡಾಕ್ಟರು ಚೀಲದ ಜಿಪ್ ಎಳೆದು ಮುಚ್ಚಿದರು. ಮೇಡಂ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು, ನೆಗಡಿ ಎಂದರು.

ಟೀಚರಮ್ಮ ಬಾಯೊರೆಸಿಕೊಂಡು ಮೂಟೆಯಣ್ಣನ ತಲೆಯ ಮೇಲೆ ಕೈಯಿಟ್ಟರು.

"ನೋಡು, ನೀನು ಒಳ್ಳೆ ಹುಡುಗ. ಆದ್ರೆ ಒಳ್ಳೆ ಹುಡುಗ ಅಂತ ಪಾಸು ಮಾಡೋಕಾಗಲ್ಲ. ಈ ವರ್ಷ ನೀನು ಫೇಲು. ಬರೋ ವರ್ಷಾನೂ ನನ್ನ ಕ್ಲಾಸಲ್ಲೇ ಕೂರು. ಒಂದು ದಿನ ತಪ್ಪಿಸಿದ್ರೆ ಕಾಲು ಮುರೀತೀನಿ."

ಮೂಟೆಯಣ್ಣ ಮೇಡಂ ಕಡೆ ನೋಡಿದ.

"ನನ್ನ ಮುಖ ಏನು ನೋಡ್ತೀರ?" ಎಂದರು ಮೇಡಂ. "ಟೀಚರು ಹೇಳಿದ ಮೇಲೆ ಆಯ್ತು."

ಆ ಸಂಜೆ ಮೂಟೆಯಣ್ಣ ಬಸ್ಸಿಳಿದು ಮನೆಗೆ ಓಡುತ್ತಲೇ ಬಂದ. ಹೆಂಡತಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ವಠಾರದವರೂ ಸುದ್ದಿ ತಿಳಿಯಲು ಹೊರಗೆ ಬಂದಿದ್ದರು.

"ಏನಾಯ್ತು, ಬೇಗ ಹೇಳ್ರೀ!"

"ಫೇಲು ಕಣೇ!" ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಿ, ಹೆಂಡತಿಯನ್ನು ಸೌಟು ಸಮೇತ ಎತ್ತಿಬಿಟ್ಟ. "ಫೇಲಾದೆ! ಇನ್ನೂ ಒಂದು ವರ್ಷ ಫೇಲು!"